3,000ಕ್ಕಿಂತ ಭಾರವಾದ 0.3

ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದವರ ಮನೆಯವರು ಲ್ಯಾಬ್ ರಿಪೋರ್ಟ್ ಕೈಗೆ ಬಂದೊಡನೆ ಒಂದೇ ಸಾಲಿಗೆ ಕಣ್ಣು ನೆಡುತ್ತಾರೆ. ಆ ಗ್ರಂಥಿಯ ಕಿಣ್ವವಾದ ಲೈಪೇಸ್ 3,000. ಆರೋಗ್ಯವಂತರಲ್ಲಿ ನೂರೈವತ್ತನ್ನು ದಾಟುವುದೇ ಅಪರೂಪವಾದ ಅಂಕಿ ಹೀಗೆ ಸಾವಿರಗಳಲ್ಲಿ ಅಚ್ಚಾಗಿ ಬಂದರೆ ಎದೆ ನಡುಗುವುದು ಸಹಜ. ಆದರೆ ಆ 3,000 ಹೇಳುವುದು ಒಂದೇ ಮಾತು: ಇದು ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಗ್ರಂಥಿಯ ಉರಿಯೂತ, ಇರಬೇಕು. ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದ ಮೇಲೆ ಅಂಕಿ ಎಷ್ಟೇ ಏರಲಿ, ರೋಗಿ ಬದುಕುತ್ತಾನೋ ಇಲ್ಲವೋ ಎಂಬುದರ ಬಗ್ಗೆ ಅದು ಬಾಯಿಬಿಡುವುದಿಲ್ಲ. 5,000 ಇದ್ದವರು ನಾಲ್ಕನೇ ದಿನ ಇಡ್ಲಿ ತಿಂದು ಮನೆಗೆ ಹೋಗಬಹುದು. 500 ಇದ್ದವರು ಐಸಿಯುನಲ್ಲಿ ವೆಂಟಿಲೇಟರ್ ಮೇಲಿರಬಹುದು.

ಮುಂದೇನಾಗುತ್ತದೆ ಎಂಬ ಸುಳಿವು ಅದೇ ಹಾಳೆಯಲ್ಲಿ, ಯಾರೂ ನೋಡದ ಎರಡು ಸಾಲುಗಳಲ್ಲಿರುತ್ತದೆ. ಯೂರಿಯಾ ಮತ್ತು ಕ್ರಿಯಾಟಿನಿನ್. ಎರಡೂ ಕಾಯಿಲೆ ಬಿದ್ದ ಗ್ರಂಥಿಗೆ ಸೇರಿದವಲ್ಲ, ಕಿಡ್ನಿಗೆ ಸೇರಿದವು. ಅವುಗಳಲ್ಲಿ ಆಗುವ ಬದಲಾವಣೆಯೂ ಸಣ್ಣದು: ಒಂದರಲ್ಲಿ ಐದು, ಇನ್ನೊಂದರಲ್ಲಿ 0.3. ಈ ಪುಟ್ಟ ಅಂಕಿಗಳ ಹಿಂದೆ ಎಷ್ಟು ದೊಡ್ಡ ಲೆಕ್ಕವಿದೆ ಎಂಬುದು ನನಗೆ ವೈದ್ಯಶಾಸ್ತ್ರದ ಅತ್ಯಂತ ಬೆರಗಿನ ಸಂಗತಿಗಳಲ್ಲಿ ಒಂದು.

ಮೊದಲು ಆ ಗ್ರಂಥಿಯನ್ನೇ ನೋಡೋಣ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುವ ಅದರ ಉದ್ದ ಸುಮಾರು 15 ಸೆಂಟಿಮೀಟರ್, ತೂಕ ಸುಮಾರು 100 ಗ್ರಾಂ. ಅಷ್ಟು ಪುಟ್ಟ ಅಂಗ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ರಸ ಸುರಿಸುತ್ತದೆ. ಅಂದರೆ ತನ್ನ ತೂಕದ ಹದಿನೈದು ಇಪ್ಪತ್ತು ಪಟ್ಟು. ಅದರಲ್ಲಿ 6ರಿಂದ 20 ಗ್ರಾಂ ಕಿಣ್ವಗಳು, ಅಂದರೆ ಮಾಂಸ, ಕೊಬ್ಬು, ಪಿಷ್ಟವನ್ನು ತುಂಡರಿಸುವ ಪ್ರೋಟೀನುಗಳು. ಮನುಷ್ಯನ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಇಷ್ಟು ವೇಗವಾಗಿ ಪ್ರೋಟೀನ್ ತಯಾರಿಸುವ ಅಂಗ ಮತ್ತೊಂದಿಲ್ಲ. ತಾನು ತಯಾರಿಸಿದ್ದು ತನ್ನನ್ನೇ ತಿನ್ನಬಾರದಲ್ಲ, ಅದಕ್ಕೆ ಟ್ರಿಪ್ಸಿನ್ ಎಂಬ ಮುಖ್ಯ ಕಿಣ್ವ ಗ್ರಂಥಿಯೊಳಗೆ ನಿಷ್ಕ್ರಿಯವಾಗಿರುತ್ತದೆ. ಅದನ್ನು ಕಟ್ಟಿಹಾಕಿರುವುದು ಕೇವಲ ಎಂಟು ಅಮೈನೋ ಆಮ್ಲಗಳ ಒಂದು ಬಾಲ. ಸಣ್ಣಕರುಳಿಗೆ ಇಳಿದ ಮೇಲೆ ಆ ಬಾಲ ಕತ್ತರಿಸಿಹೋಗಿ ಕಿಣ್ವ ಎಚ್ಚರಗೊಳ್ಳಬೇಕು. ಪಿತ್ತಕೋಶದ ಕಲ್ಲು ಜಾರಿ ದಾರಿ ಕಟ್ಟಿದಾಗಲೋ, ಮದ್ಯದ ಏಟಿಗೋ, ರಕ್ತದಲ್ಲಿ ಟ್ರೈಗ್ಲಿಸರೈಡ್ ಸಾವಿರ ದಾಟಿದಾಗಲೋ ಅದು ಗ್ರಂಥಿಯೊಳಗೇ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಒಂದು ಟ್ರಿಪ್ಸಿನ್ ಪಕ್ಕದವುಗಳ ಬಾಲವನ್ನೂ ಕತ್ತರಿಸಬಲ್ಲದು. ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂದು ರೋಗಶಾಸ್ತ್ರಜ್ಞ ಹಾನ್ಸ್ ಚಿಯಾರಿ 1896ರಲ್ಲೇ ಬರೆದಿದ್ದ.

ಆದರೆ 100 ಗ್ರಾಂ ಅಂಗ ಬೆಂದುಹೋದರೆ ಮನುಷ್ಯ ಎರಡು ದಿನದಲ್ಲಿ ಸಾಯಬೇಕಾಗಿಲ್ಲ. ಇಡೀ ಗ್ರಂಥಿಯನ್ನು ತೆಗೆದುಹಾಕಿದವರೂ ಇನ್ಸುಲಿನ್ ಮತ್ತು ಕಿಣ್ವದ ಮಾತ್ರೆಗಳ ಬಲದಿಂದ ವರ್ಷಗಟ್ಟಲೆ ಬದುಕುತ್ತಾರೆ. ಕೊಲ್ಲುವುದು ಗ್ರಂಥಿಯ ನಾಶವಲ್ಲ, ಅದು ಇಡೀ ದೇಹಕ್ಕೆ ಹಚ್ಚುವ ಉರಿ. ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಎಲ್ಲ ಕಡೆಯ ಲೋಮನಾಳಗಳ ಗೋಡೆಗಳನ್ನು ಸಡಿಲಗೊಳಿಸುತ್ತವೆ. ರಕ್ತದ ನೀರಿನಂಶ ಹೊರಗೆ ಸೋರಿ ಹೊಟ್ಟೆಯೊಳಗೆ, ಗ್ರಂಥಿಯ ಸುತ್ತ, ಕರುಳಿನ ಗೋಡೆಗಳಲ್ಲಿ, ಕೆಲವೊಮ್ಮೆ ಶ್ವಾಸಕೋಶದ ಸುತ್ತಲೂ ನಿಲ್ಲುತ್ತದೆ. ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ಜಾನ್ ರಾನ್ಸನ್ ಗಂಡಾಂತರದ ಲಕ್ಷಣಗಳ ಪಟ್ಟಿ ಮಾಡಿದಾಗ ಅದರಲ್ಲಿ ಇದಕ್ಕೂ ಒಂದು ಮಿತಿ ಹಾಕಿದ: 48 ಗಂಟೆಗಳಲ್ಲಿ 6 ಲೀಟರಿಗೂ ಹೆಚ್ಚು ದ್ರವ ಹೀಗೆ ಕಾಣೆಯಾದರೆ ಅಪಾಯ.

ಆರು ಲೀಟರ್ ಎಂದರೆ ಏನೆಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ವಯಸ್ಕರ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಅದರಲ್ಲಿ ರಕ್ತಕಣಗಳನ್ನು ಬಿಟ್ಟು ಬರೀ ದ್ರವ ಸುಮಾರು 3 ಲೀಟರ್. ಅಂದರೆ ಎರಡು ದಿನದಲ್ಲಿ ಇಡೀ ರಕ್ತದ್ರವ ಎರಡು ಸಲ ಖಾಲಿಯಾಗುವಷ್ಟು ಸೋರಿಕೆ. ಹೊರಗೆ ಒಂದು ಹನಿ ರಕ್ತವೂ ಕಾಣುವುದಿಲ್ಲ. ಹಾಸಿಗೆ ಒಣಗಿಯೇ ಇರುತ್ತದೆ. ಗಾಯವಾಗಿ ಎರಡು ಲೀಟರ್ ರಕ್ತ ಹೋದರೆ ಇಡೀ ವಾರ್ಡು ಓಡಿಬರುತ್ತದೆ. ಇಲ್ಲಿ ಅದಕ್ಕಿಂತ ಹೆಚ್ಚು ಹೋದರೂ ಹೊಟ್ಟೆ ಉಬ್ಬರಿಸಿದೆ ಎಂದಷ್ಟೇ ಅನಿಸುತ್ತದೆ.

ಈ ಸೋರಿಕೆಯನ್ನು ಮೊದಲು ಗಮನಿಸುವುದು ಕಿಡ್ನಿ. ಅದಕ್ಕೆ ಕಾರಣ ಅದರ ಅಗಾಧ ದಾಹ. ಎರಡೂ ಕಿಡ್ನಿ ಸೇರಿ ತೂಗುವುದು ಸುಮಾರು 300 ಗ್ರಾಂ, ದೇಹತೂಕದ ಅರ್ಧ ಪ್ರತಿಶತ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಮಾತ್ರ ಐದನೇ ಒಂದು ಪಾಲಿಗಿಂತ ಹೆಚ್ಚು ಅವಕ್ಕೇ ಸೇರಬೇಕು. ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚು, ದಿನಕ್ಕೆ 1,500 ಲೀಟರಿಗೂ ಹೆಚ್ಚು ರಕ್ತ ಅವುಗಳ ಮೂಲಕ ಹಾದುಹೋಗುತ್ತದೆ. ಅದರಿಂದ ಸೋಸಿ ತೆಗೆಯುವ ದ್ರವ ದಿನಕ್ಕೆ 180 ಲೀಟರ್. ನಮ್ಮಲ್ಲಿರುವ ಮೂರು ಲೀಟರ್ ರಕ್ತದ್ರವವೇ ದಿನಕ್ಕೆ ಅರವತ್ತು ಸಲ ಸೋಸಿಹೋಗುತ್ತದೆ ಎಂದರ್ಥ. ಹಾಗೆ ಸೋಸಿದ್ದರಲ್ಲಿ ಮೂತ್ರವಾಗಿ ಹೊರಬೀಳುವುದು ಒಂದೂವರೆ ಲೀಟರ್ ಮಾತ್ರ. ಉಳಿದ 178 ಲೀಟರಿಗೂ ಮಿಕ್ಕಿದ ದ್ರವವನ್ನು ಕಿಡ್ನಿ ಹೀರಿ ರಕ್ತಕ್ಕೆ ಮರಳಿಸುತ್ತದೆ. ಈ ಕೆಲಸಕ್ಕೆ ಪ್ರತಿ ಕಿಡ್ನಿಯಲ್ಲಿ ಸರಾಸರಿ ಹತ್ತು ಲಕ್ಷ ನೆಫ್ರಾನ್‌ಗಳು, ಅಂದರೆ ಸೋಸುವ ಪುಟ್ಟ ಘಟಕಗಳು, ಇವೆ. 180 ಲೀಟರನ್ನು ಇಪ್ಪತ್ತು ಲಕ್ಷಕ್ಕೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು 0.09 ಮಿಲಿಲೀಟರ್. ದಿನವಿಡೀ ದುಡಿದು ಒಂದು ನೆಫ್ರಾನ್ ಸೋಸುವುದು ಎರಡು ಹನಿಯಷ್ಟೂ ಇಲ್ಲ! ಆ ಹನಿಗಳೆಲ್ಲ ಸೇರಿ 180 ಲೀಟರ್ ಆಗುತ್ತವೆ.

ಇಷ್ಟು ದೊಡ್ಡ ಹರಿವಿನ ಮೇಲೆ ನಿಂತ ಅಂಗಕ್ಕೆ ರಕ್ತದ ಪ್ರಮಾಣ ಇಳಿದದ್ದು ಕೂಡಲೇ ತಿಳಿಯುತ್ತದೆ. ಅದು ಮಾಡುವ ಮೊದಲ ಕೆಲಸ ನೀರನ್ನು ಬಿಗಿಹಿಡಿಯುವುದು. ನೀರನ್ನು ಹೆಚ್ಚು ಹೀರಿಕೊಂಡಾಗ ಅದರ ಜೊತೆ ಯೂರಿಯಾ ಕೂಡ ವಾಪಸ್ಸು ಬರುತ್ತದೆ, ಯೂರಿಯಾದ ಗುಣವೇ ಹಾಗೆ. ಕ್ರಿಯಾಟಿನಿನ್ ಹೀಗೆ ಮರಳಿ ಬರುವುದಿಲ್ಲ. ಆದ್ದರಿಂದ ಕಿಡ್ನಿಗೆ ಇನ್ನೂ ಪೆಟ್ಟು ಬಿದ್ದಿಲ್ಲದಿದ್ದರೂ, ಬರೀ ದ್ರವದ ಬರ ತಟ್ಟಿದಾಗಲೇ ಯೂರಿಯಾ ಏರತೊಡಗುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಯೂರಿಯಾ ಪ್ರೋಟೀನ್ ಕರಗಿದಾಗ ಹುಟ್ಟುವ ಕಸ. ಉರಿಯೂತ ಜೋರಾದಷ್ಟೂ ದೇಹ ತನ್ನದೇ ಸ್ನಾಯುಗಳನ್ನು ಕರಗಿಸಿಕೊಳ್ಳುತ್ತದೆ, ಯೂರಿಯಾ ಹೆಚ್ಚುತ್ತದೆ. ಹೀಗೆ ಎಷ್ಟು ಸೋರಿದೆ, ಎಷ್ಟು ಕರಗುತ್ತಿದೆ ಎಂಬ ಎರಡು ಸುದ್ದಿಗಳು ಒಂದೇ ಅಂಕಿಯಲ್ಲಿ ಕೂಡಿಕೊಳ್ಳುತ್ತವೆ.

ರಾನ್ಸನ್ ಮತ್ತು ಅವನ ಸಂಗಡಿಗರು 1974ರಲ್ಲಿ 100 ರೋಗಿಗಳ 43 ಬಗೆಯ ಅಳತೆಗಳನ್ನು ಜರಡಿ ಹಿಡಿದು 11 ಲಕ್ಷಣಗಳನ್ನು ಉಳಿಸಿಕೊಂಡರು. ಐದು, ಆಸ್ಪತ್ರೆಗೆ ಬಂದಾಗ ನೋಡುವುದಕ್ಕೆ. ಆರು, ಮುಂದಿನ 48 ಗಂಟೆಗಳಲ್ಲಿ ನೋಡುವುದಕ್ಕೆ. ಆ ಆರರಲ್ಲಿ ಒಂದು: ಡ್ರಿಪ್ ಕೊಟ್ಟ ಮೇಲೂ ಯೂರಿಯಾದ ನೈಟ್ರೋಜನ್ ಪ್ರಮಾಣ, ಬಿಯುಎನ್ ಎನ್ನುತ್ತಾರಲ್ಲ ಅದು, ಡೆಸಿಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚು ಏರುವುದು. ಕಂಪ್ಯೂಟರಿನ ನೆರವು ಈಗಿನಂತೆ ಇಲ್ಲದ ಕಾಲದಲ್ಲಿ ನೂರೇ ರೋಗಿಗಳನ್ನು ಕಂಡು ಹಾಕಿದ ಗೆರೆ ಇದು. ಮೂವತ್ತೈದು ವರ್ಷಗಳ ನಂತರ, 2009ರಲ್ಲಿ, ಬೆಚಿಯೆನ್ ವು ಮತ್ತು ಜೊತೆಗಾರರು ಅಮೆರಿಕದ 69 ಆಸ್ಪತ್ರೆಗಳ 5,819 ರೋಗಿಗಳ ದಾಖಲೆ ತೆರೆದು ನೋಡಿದರು. ಮಾಮೂಲಿ ಲ್ಯಾಬ್ ಪರೀಕ್ಷೆಗಳಲ್ಲಿ ಸಾವನ್ನು ಎಲ್ಲಕ್ಕಿಂತ ಚೆನ್ನಾಗಿ ಮುನ್ಸೂಚಿಸಿದ್ದು ಬಿಯುಎನ್. ಮೊದಲ 24 ಗಂಟೆಗಳಲ್ಲಿ ಅದು ಪ್ರತಿ 5 ಮಿಲಿಗ್ರಾಂ ಏರಿದಂತೆ, ಸತ್ತವರಿಗೂ ಬದುಕಿದವರಿಗೂ ಇರುವ ಅನುಪಾತ 2.2 ಪಟ್ಟಾಗುತ್ತಿತ್ತು. ಮತ್ತೆ ಅದೇ ಐದು.

ಆ ಐದರ ತೂಕವೆಷ್ಟು? 60 ಕಿಲೋ ತೂಗುವ ಮನುಷ್ಯನಲ್ಲಿ ಸುಮಾರು 36 ಲೀಟರ್ ನೀರಿದೆ. ಯೂರಿಯಾ ಅದರಲ್ಲೆಲ್ಲ ಹರಡಿಕೊಳ್ಳುತ್ತದೆ. ಬಿಯುಎನ್ 5 ಏರಿತೆಂದರೆ ಯೂರಿಯಾ ಸುಮಾರು 10.7 ಏರಿತು ಎಂದರ್ಥ, ಇಡೀ ಮೈಗೆ ಲೆಕ್ಕ ಹಾಕಿದರೆ ನಾಲ್ಕು ಗ್ರಾಂಗಿಂತ ಸ್ವಲ್ಪ ಕಡಿಮೆ. ಚಹಾಕ್ಕೆ ಹಾಕುವ ಒಂದು ಸಣ್ಣ ಚಮಚ ಸಕ್ಕರೆಯಷ್ಟು. ಅಷ್ಟು ಯೂರಿಯಾ ಯಾರನ್ನೂ ಕೊಲ್ಲುವುದಿಲ್ಲ. ಅದಕ್ಕೆ ಯಾವ ವಿಷವೂ ಇಲ್ಲ. ಆದರೆ 36 ಲೀಟರಿನಲ್ಲಿ ಅದು ಕಂಡುಬಂತು ಎಂದರೆ ಒಳಗೆ ಲೀಟರುಗಟ್ಟಲೆ ಸೋರಿಕೆ ನಡೆದಿದೆ, ಹಾಕಿದ ಡ್ರಿಪ್ ಅದನ್ನು ತುಂಬಿಕೊಟ್ಟಿಲ್ಲ.

ಒಂದೇ ದೇಶದ ದಾಖಲೆಯಲ್ಲಿ ಕಂಡದ್ದು ಬೇರೆ ಕಡೆಯೂ ನಿಲ್ಲುತ್ತದೆಯೇ? 2011ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪರಿಶೀಲನೆಯಲ್ಲಿ 1,043 ರೋಗಿಗಳಿದ್ದರು. ಬಂದಾಗಲೇ ಬಿಯುಎನ್ 20 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಆ ಸಾವಿನ ಅನುಪಾತ 4.6 ಪಟ್ಟು. 24 ಗಂಟೆಗಳಲ್ಲಿ ಎಷ್ಟೇ ಏರಿದ್ದರೂ, ಬರೀ ಏರಿದ್ದಕ್ಕೇ, 4.3 ಪಟ್ಟು.

ಇದೇ ಗುಂಪಿನವರು 2008ರಲ್ಲಿ ಕಟ್ಟಿದ ಬಿಸಾಪ್ ಎಂಬ ಐದು ಅಂಕಗಳ ಪಟ್ಟಿಯ ಹಿಂದಿನ ಸಂಖ್ಯೆ ಇನ್ನೂ ದೊಡ್ಡದು. 212 ಆಸ್ಪತ್ರೆಗಳ 17,992 ಪ್ರಕರಣಗಳಿಂದ ಅದನ್ನು ರೂಪಿಸಿ, 177 ಆಸ್ಪತ್ರೆಗಳ 18,256 ಪ್ರಕರಣಗಳ ಮೇಲೆ ಒರೆಹಚ್ಚಿದರು. ಒಟ್ಟು 36,248. ಅಷ್ಟು ಜನರ ನೋವಿನಿಂದ ಉಳಿದದ್ದು ಐದೇ ಪ್ರಶ್ನೆ: ಬಿಯುಎನ್ 25 ದಾಟಿದೆಯೇ, ಪ್ರಜ್ಞೆ ಮಂಕಾಗಿದೆಯೇ, ಉರಿಯೂತ ಮೈಗೆಲ್ಲ ಹರಡಿದ ಲಕ್ಷಣಗಳಿವೆಯೇ, ವಯಸ್ಸು 60 ದಾಟಿದೆಯೇ, ಶ್ವಾಸಕೋಶದ ಸುತ್ತ ನೀರು ನಿಂತಿದೆಯೇ. ಒಂದೊಂದಕ್ಕೂ ಒಂದಂಕ. ಅತಿ ಕಡಿಮೆ ಅಪಾಯದ ಗುಂಪಿನಲ್ಲಿ ಸತ್ತವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅತಿ ಹೆಚ್ಚಿನ ಗುಂಪಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು. ಐದರಲ್ಲಿ ರಕ್ತ ರಸಾಯನದ ಅಳತೆಯಾಗಿ ಉಳಿದುಕೊಂಡದ್ದು ಬಿಯುಎನ್ ಒಂದೇ. ಗ್ರಂಥಿಯ ಕಿಣ್ವಗಳಾದ ಲೈಪೇಸೂ ಇಲ್ಲ, ಅಮೈಲೇಸೂ ಇಲ್ಲ.

ಕ್ರಿಯಾಟಿನಿನ್‌ನ ನಡೆ ಬೇರೆ. ಅದು ನಿಧಾನಿ. ಸ್ನಾಯುಗಳಿಂದ ಹುಟ್ಟುವ ಈ ಕಸ 60 ಕಿಲೋ ಮನುಷ್ಯನ ಇಡೀ ಮೈಯಲ್ಲಿ ಯಾವುದೇ ಕ್ಷಣದಲ್ಲಿ ಇರುವುದು ಸುಮಾರು 360 ಮಿಲಿಗ್ರಾಂ. ದಿನಕ್ಕೆ ಹುಟ್ಟುವುದು ಒಂದು ಗ್ರಾಂ ಆಸುಪಾಸು. ಅಂದರೆ ಮೈಯಲ್ಲಿರುವುದರ ಸುಮಾರು ಮೂರು ಪಟ್ಟನ್ನು ಕಿಡ್ನಿ ದಿನವೂ ಹೊರಹಾಕುತ್ತಿರುತ್ತದೆ. ಸೋಸುವ ಶಕ್ತಿ ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೂ ಕ್ರಿಯಾಟಿನಿನ್ ತನ್ನ ಹೊಸ ಮಟ್ಟಕ್ಕೆ ಏರಿ ನಿಲ್ಲಲು ಒಂದು ದಿನಕ್ಕೂ ಹೆಚ್ಚು ಬೇಕು. ಹಾಗಾಗಿ ಅದು ಏರಿದ್ದು ಕಂಡಾಗ ಪೆಟ್ಟು ಬಿದ್ದು ಆಗಲೇ ಹೊತ್ತಾಗಿರುತ್ತದೆ. ಯೂರಿಯಾ ಬರಲಿರುವುದನ್ನು ಹೇಳಿದರೆ ಕ್ರಿಯಾಟಿನಿನ್ ಬಂದದ್ದನ್ನು ಹೇಳುತ್ತದೆ.

ಆದರೂ ತೀರ್ಪು ಕೊಡುವ ಜಾಗದಲ್ಲಿ ಕೂತಿರುವುದು ಕ್ರಿಯಾಟಿನಿನ್ನೇ. 2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣ ಪ್ಯಾಂಕ್ರಿಯಾಟೈಟಿಸ್ ತೀವ್ರವೋ ಅಲ್ಲವೋ ಎಂದು ನಿರ್ಧರಿಸಲು ಮೂರೇ ವ್ಯವಸ್ಥೆಗಳನ್ನು ನೋಡುತ್ತದೆ: ಉಸಿರಾಟ, ರಕ್ತಪರಿಚಲನೆ, ಕಿಡ್ನಿ. ಕ್ರಿಯಾಟಿನಿನ್ 1.9 ಮುಟ್ಟಿದರೆ ಕಿಡ್ನಿ ಸೋತಿದೆ ಎಂದು ಲೆಕ್ಕ. ಆ ಸೋಲು 48 ಗಂಟೆಯೊಳಗೆ ಸರಿಹೋದರೆ ಮಧ್ಯಮ; 48 ದಾಟಿದರೆ ತೀವ್ರ. ಗೆರೆಯ ಈಚೆಗೆ ಮತ್ತು ಆಚೆಗೆ ಎಷ್ಟು ಅಂತರವಿದೆ ನೋಡಿ: ಪ್ಯಾಂಕ್ರಿಯಾಟೈಟಿಸ್ ಬಂದ ಐವರಲ್ಲಿ ನಾಲ್ವರಿಗೆ ಅದು ಸೌಮ್ಯವಾಗಿಯೇ ಮುಗಿಯುತ್ತದೆ, ಒಂದು ವಾರದಲ್ಲಿ ಮನೆ ಸೇರುತ್ತಾರೆ. ಅಂಗಾಂಗಗಳ ಸೋಲು 48 ಗಂಟೆ ದಾಟಿ ಮುಂದುವರಿದವರಲ್ಲಿ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. 2019ರ ಜಾಗತಿಕ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ಸುಮಾರು 28 ಲಕ್ಷ ಜನರಿಗೆ ಹೊಸದಾಗಿ ಈ ಕಾಯಿಲೆ ಬಂತು, ಸುಮಾರು 1,15,000 ಜನ ಸತ್ತರು.

ಪಿಟ್ಸ್‌ಬರ್ಗಿನಲ್ಲಿ 129 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ, ಮೊದಲ 48 ಗಂಟೆಗಳಲ್ಲಿ ಕ್ರಿಯಾಟಿನಿನ್ 1.8 ದಾಟಿದವರಲ್ಲಿ 93 ಪ್ರತಿಶತ ಜನರ ಗ್ರಂಥಿಯ ಭಾಗ ಸತ್ತುಹೋಗಿತ್ತು ಎಂದಿತು. ಮರುವರ್ಷ ಜರ್ಮನಿಯಿಂದ ಬಂದ ಅಧ್ಯಯನಕ್ಕೆ ಅಷ್ಟು ಬಿಗಿಯಾದ ನಂಟು ಸಿಗಲಿಲ್ಲ. ನನಗೆ ಎರಡನೆಯದರ ಎಚ್ಚರಿಕೆ ಹೆಚ್ಚು ಸರಿ ಅನಿಸುತ್ತದೆ. ಗ್ರಂಥಿ ಎಷ್ಟು ಸತ್ತಿದೆ ಎಂಬುದನ್ನು ಕಿಡ್ನಿಯ ಅಂಕಿಯಿಂದ ಓದುವುದು ದೂರದ ಮಾತು. ಮೈ ಎಷ್ಟು ಸೋಲುತ್ತಿದೆ ಎಂಬುದನ್ನು ಓದುವುದು ಹತ್ತಿರದ್ದು. ಸಿಟಿ ಸ್ಕ್ಯಾನ್ ಇದೆಯಲ್ಲ ಎಂದು ಕೇಳಬಹುದು. ಸತ್ತ ಭಾಗ ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಮೂಡಲು ಮೂರು ನಾಲ್ಕು ದಿನ ಬೇಕು. ಮೊದಲ ರಾತ್ರಿಯ ಸ್ಕ್ಯಾನ್ ಎಷ್ಟೇ ದುಬಾರಿಯಾಗಿರಲಿ, ತಾಲೂಕು ಆಸ್ಪತ್ರೆಯಲ್ಲೂ ಆಗುವ ಯೂರಿಯಾ ಪರೀಕ್ಷೆಗಿಂತ ಹೆಚ್ಚು ಭವಿಷ್ಯ ಹೇಳಲಾರದು.

ಹಾಗಾದರೆ ಸೋರಿದಷ್ಟನ್ನೂ ಸುರಿದುಬಿಟ್ಟರೆ ಆಯಿತಲ್ಲ? ದಶಕಗಳ ಕಾಲ ವೈದ್ಯರು ಹಾಗೆಯೇ ನಂಬಿದ್ದರು. ಭಾರತ, ಸ್ಪೇನ್, ಇಟಲಿ, ಮೆಕ್ಸಿಕೋಗಳ 18 ಕೇಂದ್ರಗಳಲ್ಲಿ 249 ರೋಗಿಗಳ ಮೇಲೆ ನಡೆದ ವಾಟರ್‌ಫಾಲ್ ಪ್ರಯೋಗ 2022ರಲ್ಲಿ ಆ ನಂಬಿಕೆಯನ್ನು ಅಲುಗಾಡಿಸಿತು. ಒಂದು ಗುಂಪಿಗೆ ಮೊದಲು ಕಿಲೋಗೆ 20 ಮಿಲಿಲೀಟರ್, ನಂತರ ಗಂಟೆಗೆ ಕಿಲೋಗೆ 3 ಮಿಲಿಲೀಟರ್. ಇನ್ನೊಂದಕ್ಕೆ, ದ್ರವದ ಕೊರತೆ ಕಂಡರೆ ಮಾತ್ರ ಮೊದಲು 10, ನಂತರ ಗಂಟೆಗೆ ಒಂದೂವರೆ. 60 ಕಿಲೋ ಮನುಷ್ಯನಿಗೆ ಮೊದಲ ದಿನಕ್ಕೆ ಇದು ಸುಮಾರು 5 ಲೀಟರ್ ಮತ್ತು ಎರಡೂವರೆ ಲೀಟರ್ ಆಗುತ್ತದೆ. ಹೆಚ್ಚು ಸುರಿದವರಲ್ಲಿ ದ್ರವ ಅತಿಯಾಗಿ ತೊಂದರೆಗೊಳಗಾದವರು 20.5 ಪ್ರತಿಶತ, ಹದವಾಗಿ ಕೊಟ್ಟವರಲ್ಲಿ 6.3. ಕಾಯಿಲೆ ತೀವ್ರಗೊಳ್ಳುವುದು ಮಾತ್ರ ಕಡಿಮೆಯಾಗಲಿಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ನಾಳದ ಗೋಡೆಯೇ ಸಡಿಲವಾಗಿರುವಾಗ ಸುರಿದದ್ದೂ ಸೋರಿ ಹೊಟ್ಟೆಯೊಳಗೇ ನಿಲ್ಲುತ್ತದೆ. ಹೊಟ್ಟೆಯ ಒಳಒತ್ತಡ ಏರುತ್ತದೆ, ಆ ಒತ್ತಡ ಕಿಡ್ನಿಯ ರಕ್ತನಾಳಗಳನ್ನೇ ಅದುಮುತ್ತದೆ. ನೀರು ಕಡಿಮೆಯಾದರೂ ಕಿಡ್ನಿ ಸೊರಗುತ್ತದೆ, ಹೆಚ್ಚಾದರೂ ಸೊರಗುತ್ತದೆ. ಅದಕ್ಕೇ ಒಮ್ಮೆ ನೋಡಿ ಬಿಡುವ ಅಂಕಿ ಇದಲ್ಲ. ಗಂಟೆಗಳ ಅಂತರದಲ್ಲಿ ಮತ್ತೆ ಮತ್ತೆ ನೋಡಬೇಕಾದದ್ದು.

ನಮ್ಮ ಕಡೆ ಈ ಗಡಿಯಾರ ತಡವಾಗಿ ಶುರುವಾಗುತ್ತದೆ ಎಂಬುದು ನನ್ನ ಸಂಕಟ. ಮೇಲ್ಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹೊಡೆಯುವ ನೋವನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಒಂದು ಮಾತ್ರೆ ನುಂಗಿ ರಾತ್ರಿ ಕಳೆಯುತ್ತೇವೆ. ವಾಂತಿಯಲ್ಲಿ ಇನ್ನಷ್ಟು ನೀರು ಹೋಗುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದರೆ, ಕಿಡ್ನಿಗೆ ರಕ್ತ ಒಯ್ಯುವ ನಾಳ ಹಿಗ್ಗಬೇಕಾದ ಹೊತ್ತಿನಲ್ಲೇ ಅದು ಹಿಗ್ಗದಂತೆ ತಡೆಯುತ್ತೇವೆ. ಆಸ್ಪತ್ರೆಯಲ್ಲಿ ಮೊದಲ ದಿನ ಎಂದು ಬರೆದುಕೊಂಡದ್ದು ಕಿಡ್ನಿಯ ಲೆಕ್ಕದಲ್ಲಿ ಎರಡನೇ ದಿನವಾಗಿರುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಮೇಲೆ ಹೇಳಿದ 5, 20, 25 ಎಲ್ಲವೂ ಅಮೆರಿಕದ ಪದ್ಧತಿಯ ಬಿಯುಎನ್. ನಮ್ಮ ಬಹುತೇಕ ಲ್ಯಾಬುಗಳು ಅಚ್ಚು ಹಾಕುವುದು ರಕ್ತದ ಯೂರಿಯಾ. ಯೂರಿಯಾವನ್ನು 2.14ರಿಂದ ಭಾಗಿಸಿದರೆ ಬಿಯುಎನ್ ಸಿಗುತ್ತದೆ. ಬಿಯುಎನ್ 20 ಎಂದರೆ ನಮ್ಮ ರಿಪೋರ್ಟಿನಲ್ಲಿ ಸುಮಾರು 43, ಬಿಯುಎನ್ 25 ಎಂದರೆ ಸುಮಾರು 54. ಯೂರಿಯಾ ಒಂದನ್ನೇ ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ: ಜಠರದಲ್ಲಿ ರಕ್ತಸ್ರಾವವಾದರೂ ಅದು ಏರುತ್ತದೆ, ಲಿವರ್ ಕೆಟ್ಟವರಲ್ಲಿ, ಸರಿಯಾಗಿ ಊಟವಿಲ್ಲದವರಲ್ಲಿ ಏರಬೇಕಾದಷ್ಟು ಏರುವುದಿಲ್ಲ. ಮೊದಲೇ ಕಿಡ್ನಿ ಕಾಯಿಲೆ ಇದ್ದವರಿಗೆ ಹಳೆಯ ರಿಪೋರ್ಟೇ ಅಳತೆಗೋಲು.

ಸಣಕಲು ಮೈಯ ಹೆಂಗಸೊಬ್ಬರ ಎರಡು ದಿನದ ಅಂಕಿಗಳು ಹೀಗಿವೆ ಎಂದುಕೊಳ್ಳಿ. ಬಂದ ದಿನ ಯೂರಿಯಾ 24, ಕ್ರಿಯಾಟಿನಿನ್ 0.7. ಮರುದಿನ ಯೂರಿಯಾ 38, ಕ್ರಿಯಾಟಿನಿನ್ 1.0. ಲ್ಯಾಬಿನ ಮಿತಿ ಯೂರಿಯಾಕ್ಕೆ 40, ಕ್ರಿಯಾಟಿನಿನ್‌ಗೆ 1.2 ಎಂದಿದ್ದರೆ ನಾಲ್ಕೂ ಅಂಕಿಗಳು ಮಿತಿಯೊಳಗಿವೆ. ದಪ್ಪಕ್ಷರವಿಲ್ಲ, ಬಾಣದ ಗುರುತಿಲ್ಲ. ಆದರೆ ಯೂರಿಯಾ 14 ಏರಿದೆ, ಬಿಯುಎನ್ ಲೆಕ್ಕದಲ್ಲಿ ಆರೂವರೆ: ರಾನ್ಸನ್ 1974ರಲ್ಲಿ ಹಾಕಿದ ಗೆರೆಯಾಚೆಗೆ. ಕ್ರಿಯಾಟಿನಿನ್ 0.3 ಏರಿದೆ, ಇಡೀ ಮೈಯಲ್ಲಿ ಹೆಚ್ಚಾದದ್ದು ಹೆಚ್ಚೆಂದರೆ 100 ಮಿಲಿಗ್ರಾಂ. ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ವ್ಯಾಖ್ಯೆ ಕೆಡಿಗೋ ಪ್ರಕಾರ 48 ಗಂಟೆಯೊಳಗೆ 0.3 ಏರಿದರೆ ಸಾಕು, ಅದು ಕಿಡ್ನಿಯ ಹಠಾತ್ ಪೆಟ್ಟು. ಆ ಏರಿಕೆಯಷ್ಟಕ್ಕೇ ಅಂದಾಜು ಕಟ್ಟಿದರೂ ಸೋಸುವ ಶಕ್ತಿ 30 ಪ್ರತಿಶತ ಕುಸಿದಿದೆ, ಅಂದರೆ 180ರಲ್ಲಿ 50 ಲೀಟರಿಗೂ ಹೆಚ್ಚು. ಅವರ ಮೂತ್ರವನ್ನು ಆಗಿನಿಂದ ಗಂಟೆಗಂಟೆಗೂ ಅಳೆಯಬೇಕು. ಮೈ ತೂಕ 60 ಕಿಲೋ ಆಗಿದ್ದರೆ ಗಂಟೆಗೆ 30 ಮಿಲಿಲೀಟರ್ ಬರಬೇಕು, 45 ಕಿಲೋ ಆಗಿದ್ದರೆ ಇಪ್ಪತ್ತೆರಡೂವರೆ. ಆರು ಗಂಟೆ ಸತತವಾಗಿ ಅಷ್ಟು ಬರದೇ ಹೋದರೆ ಮೂರನೇ ರಿಪೋರ್ಟಿಗಾಗಿ ಕಾಯದೆ ಅವರನ್ನು ಐಸಿಯು ಇರುವ ಕಡೆಗೆ ಸಾಗಿಸುವ ಮಾತು ಎತ್ತಬೇಕು.